ಮೂರನೆಯ ಪೀಠದ ಪಾದ

"ಯಜಮಾನ್ರೇ, ಈ ಪುಟದಲ್ಲಿ ಮಾತ್ರ ಶಾಯಿ ಬೇರೆ ಇದೆಯಲ್ಲ, ಯಾಕೆ?"

ಇಂಜಿನಿಯರಮ್ಮ ಉದ್ದನೆಯ ರಟ್ಟಿನ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಒಂದು ಸಾಲಿನ ಮೇಲೆ ಬೆರಳೂರಿ ಕೇಳಿದಳು. ನಂಬರಪ್ಪ ಕನ್ನಡಕವನ್ನು ಮೇಲಕ್ಕೆ ತಳ್ಳಿ ನೋಡಿದ. ನೋಡಬೇಕಾದ ಅಗತ್ಯವೇನೂ ಇರಲಿಲ್ಲ. ನೂರಾ ಎಂಬತ್ತು ಪುಟಗಳ ಆ ಪುಸ್ತಕದಲ್ಲಿ ಅವಳು ಯಾವ ಪುಟ ತೆಗೆದಿದ್ದಾಳೆ ಎಂಬುದು ಅವಳು ಬಾಯಿ ಬಿಡುವ ಮೊದಲೇ ಅವನಿಗೆ ತಿಳಿದುಹೋಗಿತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕನ್ನಡಕ ಮುಟ್ಟಿಕೊಂಡ, ಅಷ್ಟೆ.

"ಪೆನ್ನಲ್ಲಿ ಶಾಯಿ ಮುಗಿದಿರಬೇಕು," ಎಂದ.

"ಬೇರೆ ಎಲ್ಲ ಪುಟದಲ್ಲೂ ಒಂದೊಂದು ಕಲ್ಲಿನ ಅಳತೆ, ಗುರುತು, ಮುಕ್ಕು ಎಲ್ಲಾ ಬರೆದಿದ್ದೀರಿ. ಇಲ್ಲಿ ಬರೀ ನಂಬರು. ಏಳು ಪೀಠ, ಏಳು ತಾಯಂದಿರು, ಹದಿನಾಲ್ಕೂ ಒಂದೇ ಏಟಿಗೆ."

"ಅವಸರ ಇತ್ತಮ್ಮ. ನೀರು ಏರ್ತಾ ಇತ್ತು."

ಅಷ್ಟರಲ್ಲಿ ಹೆಂಡತಿ ಚಹಾದ ಲೋಟಗಳನ್ನು ತಂದಳು. ಅರವತ್ತು ದಾಟಿದರೂ ಸೂಜಿಗೆ ದಾರ ತಾನೇ ಪೋಣಿಸುವ ಹೆಂಗಸು. ಲೋಟ ಇಡಲು ಬಗ್ಗಿದವಳ ಕಣ್ಣು ಪುಟದ ಮೂಲೆಯ ತಾರೀಖಿನ ಮೇಲೆ ನಿಂತಿತು.

"ಇದು ನೀವು ವಾಪಸ್ಸು ಕೆಲಸಕ್ಕೆ ಹೋದ ದಿನ ಅಲ್ವೇನ್ರೀ?" ಎಂದಳು. ಆಮೇಲೆ ಇಂಜಿನಿಯರಮ್ಮನ ಕಡೆ ತಿರುಗಿ, ಹವಾಮಾನದ ಮಾತು ಹೇಳುವಂತೆ ಹೇಳಿದಳು: "ನಮ್ಮ ಮೊದಲನೇ ಮಗು ಆ ವಾರ ಹೋಯ್ತು. ನಾಲ್ಕು ದಿನ ಮನೇಲಿದ್ರು ಇವರು. ಐದನೇ ದಿನ ಹೋದ್ರು."

ಇಂಜಿನಿಯರಮ್ಮ ಪುಟದಿಂದ ಬೆರಳು ತೆಗೆದಳು. ಇನ್ನೂ ಮೂವತ್ತು ತುಂಬದ ಹುಡುಗಿ, ತಲೆಗೆ ಕಟ್ಟಿಕೊಂಡಿದ್ದ ಬಟ್ಟೆಯ ಮೇಲೆಲ್ಲ ಸುಣ್ಣದ ಪುಡಿ. ಮಾತು ಬದಲಿಸಬೇಕೆಂದು ತಿಳಿಯುವಷ್ಟು ಬುದ್ಧಿ ಅವಳಿಗಿತ್ತು. ಗುಡಿಯ ಹಿಂದಿನ ಗೋಡೆ ಒಂದು ಗೇಣು ಕುಸಿದಿದೆ, ತಳಪಾಯ ಗಟ್ಟಿ ಮಾಡಿಯಾಯಿತು, ಗುರುವಾರ ತಾಯಂದಿರನ್ನು ಎತ್ತಿ ಪೀಠಗಳನ್ನು ಸಮ ಮಾಡಬೇಕು ಎಂದು ವಿವರಿಸಿದಳು. "ಈ ಸಲ ಸ್ಟೀಲ್ ಸರಳು ಇಟ್ಟು ಕೂರಿಸ್ತೀವಿ, ಯಜಮಾನ್ರೇ. ಇನ್ನು ಮುನ್ನೂರು ವರ್ಷ ಯಾರೂ ಅಲುಗಾಡಿಸೋ ಹಾಗಿಲ್ಲ. ನಿಮ್ಮ ಪುಸ್ತಕದಲ್ಲಿ ಹೇಗಿದೆಯೋ ಹಾಗೇ. ನಿಮ್ಮ ನಂಬರಲ್ಲಿ ಒಂದು ಕಲ್ಲೂ ತಪ್ಪಿಲ್ಲ ಅಂತ ಆಫೀಸಲ್ಲಿ ಇವತ್ತಿಗೂ ಹೇಳ್ತಾರೆ. ನೀವೂ ಬಂದು ನಿಂತ್ಕೊಂಡ್ರೆ ನಂಗೆ ಧೈರ್ಯ."

"ಬರ್ತೀನಿ," ಎಂದ ನಂಬರಪ್ಪ. ಚಹಾ ನಾಲಿಗೆ ಸುಟ್ಟಿತು.

ಹೆಂಡತಿ ಸೆರಗಿಗೆ ಕೈ ಒರೆಸುತ್ತ ಅಲ್ಲೇ ನಿಂತಿದ್ದಳು. "ಮೂರನೇ ಪೀಠದಲ್ಲಿ ಒಂದು ಪುಟ್ಟ ಪಾದ ಇದೆ, ನವಿಲಿನ ಪಕ್ಕದಲ್ಲಿ. ಅದಕ್ಕೇನೂ ಪೆಟ್ಟಾಗಲ್ಲ ತಾನೇ?"

"ಹತ್ತಿ ಇಟ್ಟು, ಗೋಣಿ ಸುತ್ತಿ ಎತ್ತೋದಮ್ಮ. ಏನೂ ಆಗಲ್ಲ."

"ಹಾಗಾದ್ರೆ ಸರಿ," ಎಂದು ಹೆಂಡತಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು.

ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ನಂಬರಪ್ಪ ಎಂದರೇನೇ ಅಂಚೆಯವನಿಗೂ ತಿಳಿಯುವುದು. ಮೂವತ್ತೆಂಟು ವರ್ಷದ ಹಿಂದೆ ಕಣಿವೆಗೆ ಅಡ್ಡಲಾಗಿ ಅಣೆಕಟ್ಟು ಎದ್ದಾಗ, ಹೊಳೆಯ ದಂಡೆಯಲ್ಲಿದ್ದ ಏಳು ತಾಯಂದಿರ ಗುಡಿಯನ್ನು ಬಿಚ್ಚಿ ಗುಡ್ಡದ ಮೇಲೆ ಮತ್ತೆ ಕಟ್ಟಬೇಕಾಯಿತು. ಎಂಟುನೂರು ವರ್ಷದ ಗುಡಿ. ಎರಡು ಸಾವಿರದ ಮುನ್ನೂರ ಹದಿನೆಂಟು ಕಲ್ಲು. ಪ್ರತಿಯೊಂದಕ್ಕೂ ಸಾಲಿನ ಅಕ್ಷರ, ಅದರ ಮುಂದೆ ಅಂಕಿ, ಕೆಂಪು ಬಣ್ಣದಲ್ಲಿ, ಕಟ್ಟಿದ ಮೇಲೆ ಯಾರ ಕಣ್ಣಿಗೂ ಬೀಳದ ಮಗ್ಗುಲಲ್ಲಿ ಬರೆಯಬೇಕು. ಬರೆದವನು ಇವನೇ. ಕಲ್ಲಿಗೆ ಮೊದಲು, ಪುಸ್ತಕಕ್ಕೆ ಆಮೇಲೆ ಎಂಬುದು ಅವನೇ ಮಾಡಿಕೊಂಡ ಕಟ್ಟಳೆ. ಪುಸ್ತಕ ನೋಡಿ ಕಲ್ಲಿಗೆ ಬರೆದರೆ ಕಲ್ಲು ಸುಳ್ಳು ಹೇಳಬಹುದು. ಕಲ್ಲು ನೋಡಿ ಪುಸ್ತಕಕ್ಕೆ ಬರೆದರೆ ಹೇಳಲಾರದು. ಆದ್ದರಿಂದ ಹಗಲೆಲ್ಲ ಕಲ್ಲಿಗೆ ಬರೆದು, ಸಂಜೆ ಒಂದು ಸುತ್ತು ಹಾಕಿ, ಕಲ್ಲು ನೋಡಿ ಪುಸ್ತಕಕ್ಕೆ ಇಳಿಸುತ್ತಿದ್ದ.

ಗುಡ್ಡದ ಮೇಲೆ ಗುಡಿ ಎದ್ದು ನಿಂತಾಗ ಒಂದು ಕಲ್ಲು ಹೆಚ್ಚಾಗಲಿಲ್ಲ, ಒಂದು ಕಡಿಮೆ ಬೀಳಲಿಲ್ಲ. ದೊಡ್ಡ ಸಾಹೇಬರು ಶಾಲು ಹೊದಿಸಿ ಪ್ರಮಾಣಪತ್ರ ಕೊಟ್ಟರು. ಅದಕ್ಕೆ ಗಾಜು ಹಾಕಿಸಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ನೇತುಹಾಕಿದವಳು ಹೆಂಡತಿ.

ಆದರೆ ತಾಯಂದಿರ ಕಲ್ಲುಗಳ ಹಾಡು ಬೇರೆ. ತಲೆತಲಾಂತರದಿಂದ ಎಣ್ಣೆ ಕುಡಿದ ಕಲ್ಲುಗಳವು. ಬಣ್ಣ ಹಚ್ಚಿದರೆ ಒಣಗದೆ ಬೆರಳಿಗೆ ಹತ್ತುತ್ತಿತ್ತು. ಸೋಡಾ ಹಾಕಿ ಎಣ್ಣೆ ತೆಗೆಯುವ ತನಕ ಇರಲಿ ಎಂದು ಬೆನ್ನಿನ ಒರಟು ಭಾಗದಲ್ಲಿ ಸೀಮೆಸುಣ್ಣದಿಂದ ಬರೆದ. ಫೋಟೋದವನು ತೆಗೆದ ಚಿತ್ರಗಳಲ್ಲಿ ಎಣ್ಣೆಗಪ್ಪು ಬಿಟ್ಟು ಇನ್ನೇನೂ ಮೂಡಿರಲಿಲ್ಲ. ಪೀಠಗಳ ಚಿಂತೆ ಇರಲಿಲ್ಲ, ಒಂದೊಂದರ ಮುಂದೆಯೂ ಆ ತಾಯಿಯ ವಾಹನ ಕೆತ್ತಿತ್ತು: ಹಂಸ, ಎತ್ತು, ನವಿಲು, ಗರುಡ, ಕೋಣ, ಆನೆ, ಕೊನೆಯವಳಿಗೆ ಹೆಣ. ಮೂರ್ತಿಗಳು ಮಾತ್ರ ಪೀಠದಿಂದ ಬೇರೆಯಾಗಿ ಸಾಲಾಗಿ ಮಲಗಿದ್ದವು. ಹದಿನಾಲ್ಕಕ್ಕೂ ಬರೆದು ಮುಗಿಸಿದ ಮಧ್ಯಾಹ್ನವೇ ಊರಿನಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. ಮಗುವಿನ ಜ್ವರ ನೆತ್ತಿಗೇರಿದೆ ಎಂದ. ಸಂಜೆಯ ಸುತ್ತು ಹಾಕುವುದು ಉಳಿಯಿತು. ಪುಸ್ತಕದ ಪುಟ ಖಾಲಿ ಉಳಿಯಿತು. ಸೀಮೆಸುಣ್ಣ ಜೇಬಿನಲ್ಲಿ ಇದ್ದ ಹಾಗೇ ನಂಬರಪ್ಪ ಓಡಿದ.

ಐದನೆಯ ದಿನ ಬಂದಾಗ ತಾಯಂದಿರು ಫಳಫಳ ಹೊಳೆಯುತ್ತಿದ್ದರು. ಕಲ್ಲು ಹೊರುವ ಕೂಲಿಯ ಹೆಂಗಸರು ಹೊಳೆಯಿಂದ ಕೊಡಗಟ್ಟಲೆ ನೀರು ತಂದು, ಏಳು ಜನರನ್ನೂ ಮೀಯಿಸಿ, ಹಳೇ ಸೀರೆಯಲ್ಲಿ ಒರೆಸಿ ಕೂತಿದ್ದರು.

"ಹುಟ್ಟಿದ ಮನೆ ಬಿಟ್ಟು ಹೊರಟವ್ರೆ, ಧೂಳು ಮೈಯಲ್ಲಿ ಕಳಿಸೋದಾ?" ಎಂದಳು ಅವರಲ್ಲಿ ಹಿರಿಯಳು. ಬೆನ್ನನ್ನೂ ಬಿಡದೆ ಉಜ್ಜಿದ್ದರು. ಸೀಮೆಸುಣ್ಣದ ಒಂದು ಗೀರೂ ಉಳಿದಿರಲಿಲ್ಲ. ಯಾರ ಮೇಲೆ ಸಿಟ್ಟಾಗುವುದು? ಅಪ್ಪಟ ಭಕ್ತಿಯಿಂದ ಮಾಡಿದ ಕೆಲಸ. ಆಚೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ಹೊಳೆಯ ನೀರು ಮೆಟ್ಟಿಲು ಮುಟ್ಟಿತ್ತು.

ಮೂರು ಮೊಗದವಳು, ಜಟೆಯವಳು, ಶಂಖದವಳು, ಹಂದಿಮೊಗದವಳು, ಮೂಳೆ ಎದ್ದವಳು. ಈ ಐವರನ್ನು ಗುರುತಿಸಲು ನಂಬರು ಬೇಕಿರಲಿಲ್ಲ. ಉಳಿದವರು ಇಬ್ಬರು. ಇಬ್ಬರ ಕೈಗಳೂ ಮುಕ್ಕಾಗಿದ್ದವು, ಮುಖ ಸವೆದಿತ್ತು, ಇಬ್ಬರ ಮಡಿಲಲ್ಲೂ ಮಗುವಿತ್ತು. ನವಿಲಿನವಳು ಯಾರು, ಆನೆಯವಳು ಯಾರು? ಮಕ್ಕಳ ಕಾಲು ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಆದರೆ ಆ ದಿನ ಯಾವ ಮಗುವಿನ ಕಾಲನ್ನು ನೋಡುವ ಶಕ್ತಿಯೂ ನಂಬರಪ್ಪನಿಗೆ ಇರಲಿಲ್ಲ. ಅಂದಾಜಿನ ಮೇಲೆ ಬರೆದ. ಮೊದಲ ಸಲ ಪುಸ್ತಕಕ್ಕೆ ಮೊದಲು, ಕಲ್ಲಿಗೆ ಆಮೇಲೆ.

ತಪ್ಪು ಕಂಡದ್ದು ಏಳು ತಿಂಗಳ ಮೇಲೆ, ಗುಡ್ಡದ ಮೇಲೆ, ಗಾರೆ ಒಣಗಿದ ಮೇಲೆ. ಮೂರನೆಯ ಪೀಠದಲ್ಲಿ, ನವಿಲಿನ ಪಕ್ಕದಲ್ಲಿ, ಅಂಗೈಯುದ್ದದ ಒಂದು ಪಾದ ಒಂಟಿಯಾಗಿ ನಿಂತಿತ್ತು. ಅದರ ಮೇಲೆ ಕೂತ ತಾಯಿಯ ಮಗು ಚಕ್ಕಳಮಕ್ಕಳ ಹಾಕಿ ಕೂತಿತ್ತು, ಅದರ ಎರಡು ಪಾದವೂ ಅದರ ಹತ್ತಿರವೇ ಇದ್ದವು. ಮಧ್ಯೆ ಇಬ್ಬರು ತಾಯಂದಿರನ್ನೂ ಒಂದು ದಪ್ಪ ಕಂಬವನ್ನೂ ದಾಟಿ, ಆರನೆಯ ಪೀಠದ ಮೇಲಿನ ಮಗುವಿನ ಒಂದು ಕಾಲು ಮಡಿಲಿನಿಂದ ಇಳಿದು, ಕಣಕಾಲಿನ ಬಳಿ ಕತ್ತರಿಸಿದಂತೆ ನಿಂತಿತ್ತು. ಮೂಗು, ಬೆರಳು, ಕಿವಿ ಮುರಿದ ಮೂರ್ತಿಗಳ ನಡುವೆ ಇದೂ ಒಂದು ಮುರುಕು ಎಂದುಕೊಂಡರು ಜನ. ಆ ಮಗುವಿಗೆ ಕುಂಟ ಎಂದು ಹೆಸರೂ ಬಿತ್ತು. ನಂಬರಪ್ಪ ಬಾಯಿ ಬಿಡಬೇಕೆಂದಿದ್ದ. ಮಾರನೇ ದಿನವೇ ಸಾಹೇಬರು ಶಾಲು ಹೊದಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇಲ್ಲಿ ಮಾನ ಹೋಗುವುದೂ ಆನೆಯ ಪೀಠದಿಂದಲೇ ಎಂದು ಹೆದರಿ ಸುಮ್ಮನಾದ.

ಅದಾಗಿ ಸ್ವಲ್ಪ ದಿನಕ್ಕೆ ಹೆಂಡತಿ ಮೊದಲ ಸಲ ಹೊಸ ಜಾಗದ ಗುಡಿಗೆ ಬಂದಳು. ಮಗು ಹೋದ ಮೇಲೆ ಮನೆಯಿಂದ ಅವಳು ಹೊರಗೆ ಬಂದದ್ದೇ ಆವತ್ತು. ಒಬ್ಬೊಬ್ಬರನ್ನೇ ನೋಡುತ್ತ ಬಂದವಳು ಮೂರನೆಯ ಪೀಠದ ಮುಂದೆ ಕುಸಿದು ಕೂತಳು.

"ಇದು ಯಾರ ಪಾದ ರೀ?"

"ಯಾರಿಗೆ ಗೊತ್ತು," ಎಂದಿದ್ದ ನಂಬರಪ್ಪ.

ಅವಳು ಸೆರಗಿನ ತುದಿಯಿಂದ ಆ ಪಾದ ಒರೆಸಿದಳು. ಮಾರನೇ ದಿನವೂ ಹೋಗಿ ಒರೆಸಿದಳು. ಆಮೇಲೆ ಮಗಳು ಹುಟ್ಟಿದಳು, ಬೆಳೆದಳು, ದವಾಖಾನೆಯಲ್ಲಿ ನರ್ಸ್ ಆದಳು. ಶಾಲೆಯ ಮಕ್ಕಳ ಸಾವಿರಾರು ಅಂಗಿ ಯಂತ್ರದ ಕೆಳಗೆ ಹಾದುಹೋದವು. ಪ್ರತಿ ಬೆಳಿಗ್ಗೆ ಯಂತ್ರ ಮುಟ್ಟುವ ಮೊದಲು ಅವಳು ಗುಡ್ಡ ಹತ್ತಿ ಆ ಪಾದ ಒರೆಸಿ ಬರುವುದು ಮಾತ್ರ ತಪ್ಪಲಿಲ್ಲ. ಬೇಡಿಕೊಳ್ಳುತ್ತಿರಲಿಲ್ಲ, ಅಳುತ್ತಿರಲಿಲ್ಲ. ಬರೀ ಒರೆಸುತ್ತಿದ್ದಳು. ನಂಬರಪ್ಪ ಒಮ್ಮೊಮ್ಮೆ ಜೊತೆಗೆ ಹೋಗಿ ಕಂಬದ ಹತ್ತಿರ ನಿಲ್ಲುತ್ತಿದ್ದ. ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮೂವತ್ತೆಂಟು ವರ್ಷದಲ್ಲಿ ಅವನು ಒಂದು ಸಲವೂ ಆ ಪಾದ ಮುಟ್ಟಲಿಲ್ಲ.

ಗುರುವಾರ ಗುಡಿಯ ಮಂಟಪದಲ್ಲಿ ಮುಕ್ಕಾಲಿ ನಿಲ್ಲಿಸಿ, ಸರಪಳಿ ರಾಟೆ ಕಟ್ಟಿದ್ದರು. ಮೇಸ್ತ್ರಿ ಒಬ್ಬೊಬ್ಬ ತಾಯಿಗೂ ಗೋಣಿ ಸುತ್ತಿ, ಹಗ್ಗ ಬಿಗಿದು, "ಏಳವ್ವಾ, ಸ್ವಲ್ಪ ಎದ್ದು ನಿಂತ್ಕೋ, ಕೆಳಗೆ ಗುಡಿಸ್ಬೇಕು," ಎಂದು ಹೇಳಿಯೇ ಸರಪಳಿ ಎಳೆಯುತ್ತಿದ್ದ. ಊಟದ ಹೊತ್ತಿಗೆ ಏಳು ಜನರೂ ಮರದ ದಿಮ್ಮಿಗಳ ಮೇಲೆ ಕೂತಿದ್ದರು. ನಂಬರಪ್ಪನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅವನು ಅದರ ತುದಿಯಲ್ಲಿ ಕೂತಿದ್ದ.

ಮೇಸ್ತ್ರಿ ಆರನೆಯವಳ ಮಗುವಿನ ಮೊಂಡು ಕಾಲಿನ ಹತ್ತಿರ ಬಗ್ಗಿ, ಅದರ ತುದಿಯ ಮೇಲೆ ಹೆಬ್ಬೆರಳು ಆಡಿಸಿದ. ಇನ್ನೊಮ್ಮೆ ಆಡಿಸಿದ.

"ಮೇಡಂ, ಇಲ್ಲಿ ಬನ್ನಿ. ನಮ್ಮ ಕುಂಟ ಕುಂಟನೇ ಅಲ್ಲ."

"ಏನದು?"

"ಇದು ಮುರಿದದ್ದಲ್ಲ. ಮುರಿದಿದ್ರೆ ಹಲ್ಲು ಹಲ್ಲಾಗಿರೋದು. ಇದು ಉಳಿ ಹಿಡಿದು ಸಮ ಮಾಡಿದ್ದು. ಪಾದ ಬೇರೆ ಕಲ್ಲಲ್ಲಿ ಇರ್ಬೇಕು."

ಎಲ್ಲರ ಕಣ್ಣೂ ಮೂರನೆಯ ಪೀಠದ ಕಡೆ ಹೋಯಿತು. ನವಿಲಿನ ಪಕ್ಕದಲ್ಲಿ ಹತ್ತಿ ಸುತ್ತಿಕೊಂಡು ಪುಟ್ಟ ಪಾದ ನಿಂತಿತ್ತು. ಇಂಜಿನಿಯರಮ್ಮ ಪುಸ್ತಕ ತೆಗೆದಳು, ಆ ಪುಟ ನೋಡಿದಳು, ಮುಚ್ಚಿದಳು. ನಂಬರಪ್ಪನ ಹತ್ತಿರ ಬಂದು, ಉಳಿದವರಿಗೆ ಕೇಳದ ಹಾಗೆ ಮಾತಾಡಿದಳು.

"ಯಜಮಾನ್ರೇ, ಆಫೀಸಿನ ನಕಾಶೆ ಎಲ್ಲ ನಿಮ್ಮ ಪುಸ್ತಕ ನೋಡಿ ಬರೆದದ್ದು. ಪುಸ್ತಕ ಸರಿ ಅಂದ್ರೆ ಇದ್ದ ಹಾಗೇ ಕೂರಿಸ್ತೀನಿ. ಇಲ್ಲ ಅಂದ್ರೆ ನೀವೇ ನಿಮ್ಮ ಕೈಯಲ್ಲಿ ಅದನ್ನ ತಿದ್ದಿ ಸಹಿ ಹಾಕ್ಬೇಕು. ಮೇಸ್ತ್ರಿ ಮಾತು ಕೇಳಿ ನಾನು ತಾಯಂದಿರ ಜಾಗ ಬದಲಾಯಿಸೋಕ್ಕಾಗಲ್ಲ."

"ಯಾವಾಗ ಕೂರಿಸೋದು?"

"ನಾಳೆ ಹತ್ತು ಗಂಟೆಗೆ."

ನಂಬರಪ್ಪ ಎದ್ದ. "ಒಬ್ಬರನ್ನ ಕೇಳಬೇಕು," ಎಂದ.

ಗುಡ್ಡದಿಂದ ಮನೆಗೆ ಇನ್ನೂರ ಹನ್ನೊಂದು ಮೆಟ್ಟಿಲು. ಎಣಿಸದೆ ಇಳಿಯುವುದು ಅವನಿಗೆ ಬರುತ್ತಿರಲಿಲ್ಲ. ಪುಸ್ತಕ ಸರಿ ಎಂದುಬಿಟ್ಟರೆ ಮುಗಿಯಿತು: ಗೋಡೆಯ ಮೇಲಿನ ಪ್ರಮಾಣಪತ್ರ ನಿಜವಾಗಿಯೇ ಇರುತ್ತದೆ, ಹೆಂಡತಿಗೆ ಅವಳ ಪಾದ ಇರುತ್ತದೆ, ಮುನ್ನೂರು ವರ್ಷ ಯಾರೂ ಕೇಳುವುದಿಲ್ಲ. ಯಾರಿಗೆ ನಷ್ಟ? ಎಂದು ನೂರಾ ನಾಲ್ಕನೆಯ ಮೆಟ್ಟಿಲಲ್ಲಿ ಕೇಳಿಕೊಂಡ. ಕಾಲು ಮಾತ್ರ ಮನೆಯ ಕಡೆಗೇ ನಡೆಯಿತು.

ಹೆಂಡತಿ ಅಂಗಿಯೊಂದರ ಜೇಬು ಹೊಲಿಯುತ್ತಿದ್ದಳು. ಅವನು ಎದುರಿನ ಸ್ಟೂಲಿನ ಮೇಲೆ ಕೂತು, ಚಪ್ಪಲಿಯನ್ನೂ ಬಿಡದೆ, ಸೀಮೆಸುಣ್ಣದಿಂದ ಹಿಡಿದು ಗಾರೆ ಒಣಗಿದ ತನಕ ಎಲ್ಲ ಹೇಳಿದ. ಯಂತ್ರ ಅರ್ಧ ಜೇಬಿಗೆ ನಿಂತಿತು. ಅವಳು ಮುಖ ಎತ್ತಲಿಲ್ಲ.

"ನಿಮಗೆ ಮೊದಲಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು 'ಯಾರ ಪಾದ' ಅಂತ ಕೇಳಿದಾಗ್ಲೂ?"

"ಗೊತ್ತಿತ್ತು. ಹೇಳೋಕ್ಕೆ ಬಾಯಿ ಬರಲಿಲ್ಲ."

"ಮೂವತ್ತೆಂಟು ವರ್ಷ ಬಾಯಿ ಬರಲಿಲ್ಲವಾ? ಊಟಕ್ಕೆ ಬರ್ತಿತ್ತು, ಜಗಳಕ್ಕೆ ಬರ್ತಿತ್ತು, ಉಪ್ಪು ಕಡಿಮೆ ಅನ್ನೋದಕ್ಕೆ ಬರ್ತಿತ್ತು." ಅವಳ ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ನೀವು ಕಂಬದ ಹತ್ತಿರ ನಿಂತ್ಕೊಂಡು ನೋಡ್ತಿದ್ರಿ. ನಾನೊಬ್ಬಳು ಮರುಳಿ, ಕಲ್ಲು ಒರೆಸ್ತೀನಿ ಅಂತ."

"ಹಾಗಲ್ಲ ಕಣೇ. ನಿನಗೆ ಅದರಿಂದ ಸಮಾಧಾನ ಇತ್ತು. ಅದನ್ನ ಕಿತ್ಕೊಳ್ಳೋಕ್ಕೆ ಮನಸ್ಸು ಬರಲಿಲ್ಲ."

"ಸಮಾಧಾನ!" ಎಂದಳು. "ನಮ್ಮ ಮಗು ನಾಲ್ಕು ಹೆಜ್ಜೆ ಇಟ್ಟಿತ್ತು. ಈ ಗೋಡೆಯಿಂದ ಆ ಬಾಗಿಲ ತನಕ. ನೀವಿರಲಿಲ್ಲ. ಅದು ನಡೆದದ್ದು ಕಂಡವಳು ನಾನೊಬ್ಬಳೇ, ಸುಳ್ಳು ಅನ್ನಿಸಿಬಿಡ್ತಿತ್ತು ಒಂದೊಂದು ಸಲ. ಆ ಪಾದ ನೋಡಿದ್ರೆ ನಡೆದದ್ದು ನಿಜ ಅನ್ನಿಸ್ತಿತ್ತು. ಅಷ್ಟೇ ಕಣ್ರೀ ನನ್ನ ಸಮಾಧಾನ."

ನಂಬರಪ್ಪನಿಗೆ ನಾಚಿಕೆಯೂ ಆಯಿತು, ದುಃಖವೂ ಆಯಿತು, ಯಾವುದು ಮೊದಲು ಎಂದು ತಿಳಿಯಲಿಲ್ಲ. "ನೀನು ಬೇಡ ಅಂದ್ರೆ ಪುಸ್ತಕ ಸರಿ ಅಂತ ಹೇಳಿ ಬರ್ತೀನಿ," ಎಂದ. "ಪಾದ ಹೀಗೇ ಇರುತ್ತೆ. ನಿನ್ನದಾಗಿಯೇ ಇರುತ್ತೆ."

ಅವಳು ಸೂಜಿಯ ಕೆಳಗಿನಿಂದ ಬಟ್ಟೆ ಬಿಡಿಸಿ, ಹಲ್ಲಿನಿಂದ ದಾರ ಕಡಿದಳು. ಆ ಅರ್ಧ ಜೇಬನ್ನು ಅಂಗೈಯಲ್ಲಿ ನೇವರಿಸಿದಳು.

"ಆ ಕಡೆ ಕೂತಿದೆಯಲ್ಲ, ಕುಂಟ ಅಂತಾರಲ್ಲ. ಅದರದ್ದಾ ಈ ಪಾದ?"

"ಅದರದ್ದೇ."

"ಎಂಥಾ ಜನರೀ ನೀವು!" ಈಗ ದನಿ ಏರಿತು. "ನಾನು ಇಲ್ಲಿ ಪಾದ ಇಟ್ಕೊಂಡು ಕೂತಿದ್ದೀನಿ, ಅಲ್ಲಿ ಆ ಮಗು ಊರವರ ಬಾಯಲ್ಲೆಲ್ಲ ಕುಂಟ ಅನ್ನಿಸ್ಕೊಂಡು ಕೂತಿದೆ. ನಾನೂ ಅಂದಿದ್ದೀನಿ. ಪಕ್ಕದ ಮನೆಯವಳಿಗೆ ತೋರಿಸಿ ನಕ್ಕಿದ್ದೀನಿ. ಬೇರೆಯವರ ಮಗೂದು ಕಿತ್ಕೊಂಡು ನನ್ನ ಕೈಗೆ ಕೊಟ್ಟು ಸುಮ್ಮನೆ ನಿಂತಿದ್ರಲ್ಲ!" ಅಂಗಿಯನ್ನು ಅವನ ಮಡಿಲಿಗೆ ಎಸೆದಳು. "ಹೋಗಿ. ಅದಕ್ಕೆ ಅದರ ಕಾಲು ಕೊಟ್ಟು ಬನ್ನಿ. ನನ್ನ ಹತ್ತಿರ ಮಾತಾಡಬೇಡಿ."

ಸಂಜೆ ಮಗಳು ದವಾಖಾನೆಯಿಂದ ಬಂದಾಗ ಮನೆಯಲ್ಲಿ ಗಾಳಿಯೂ ಅಲುಗದಂತಿತ್ತು. "ಅವರಿಗೆ ಊಟಕ್ಕೆ ಬರೋಕ್ಕೆ ಹೇಳು," ಎಂದು ಅಡುಗೆಮನೆಯಿಂದ ಅಮ್ಮನ ದನಿ ಬಂತು. ಅಪ್ಪ ಮೂರು ಮಾರು ದೂರದಲ್ಲೇ ಕೂತಿದ್ದ.

"ಅಪ್ಪಾ, ಊಟಕ್ಕೆ ಬರಬೇಕಂತೆ. ಏನು ಮಾಡಿದ್ರಿ?"

"ಮೂವತ್ತೆಂಟು ವರ್ಷ ಏನೂ ಮಾಡಲಿಲ್ಲ," ಎಂದ ನಂಬರಪ್ಪ. ಮಗಳು ಇಬ್ಬರ ಮುಖವನ್ನೂ ನೋಡಿ, ಜಾಣೆ, ತಟ್ಟೆ ಹಾಕಿದಳು.

ಬೆಳಿಗ್ಗೆ ಹತ್ತು ಗಂಟೆಗೆ ಮುಂಚೆಯೇ ಅವನು ಗುಡ್ಡದ ಮೇಲಿದ್ದ. ಕೆಲಸದವರೆಲ್ಲ ಸೇರುವ ತನಕ ಕಾದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಈ ಪುಟ ಕಲ್ಲು ನೋಡಿ ಬರೆದದ್ದಲ್ಲ. ಅಂದಾಜಿನ ಮೇಲೆ ಬರೆದದ್ದು. ಮೂರನೇ ತಾಯಿ ಆರರಲ್ಲಿದ್ದಾಳೆ, ಆರನೆಯವಳು ಮೂರರಲ್ಲಿದ್ದಾಳೆ. ತಪ್ಪು ನನ್ನದು."

ಅಷ್ಟು ವರ್ಷ ಅವನು ಹೆದರಿದ್ದು ಈ ಗಳಿಗೆಗೆ, ಬಂದು ನೋಡಿದರೆ ಮೇಸ್ತ್ರಿ ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಎರಡು ಸಾವಿರದ ಮುನ್ನೂರರಲ್ಲಿ ಎರಡು, ಬಿಡಿ ಯಜಮಾನ್ರೇ. ನಾನು ನಮ್ಮ ಮನೆ ಬಾಗಿಲನ್ನೇ ಹಿಂದುಮುಂದು ಕೂರಿಸಿದ್ದೀನಿ, ಹೆಂಡತಿ ಇವತ್ತಿಗೂ ಕ್ಷಮಿಸಿಲ್ಲ," ಎಂದ. ಒಂದಿಬ್ಬರು ನಕ್ಕರು. ಇಂಜಿನಿಯರಮ್ಮ ನಗದೆ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. ನಂಬರಪ್ಪ ಎರಡು ಅಂಕಿಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿದ. ಇಡೀ ಪುಸ್ತಕದಲ್ಲಿ ಅವು ಎರಡೇ ಕಾಟುಗಳು. ಇದಕ್ಕೂ ಶಾಯಿ ಬೇರೆಯಾಯಿತಲ್ಲ ಎಂದು ಅವನಿಗೆ ಅನ್ನಿಸಿತು.

ನವಿಲಿನ ತಾಯಿಯನ್ನು ಇಳಿಸುವಾಗ ಮೇಸ್ತ್ರಿ ಸರಪಳಿಯನ್ನು ಒಂದೊಂದೇ ಕೊಂಡಿ ಬಿಟ್ಟ. ಕೊನೆಯ ನಾಲ್ಕು ಬೆರಳಿನ ಅಂತರದಲ್ಲಿ ಎಲ್ಲರೂ ಬಗ್ಗಿದರು. ಮಗುವಿನ ಕಾಲು ಇಳಿಯಿತು, ಇಳಿಯಿತು, ಪಾದದ ಮೇಲೆ ಕೂತಿತು. ಮೇಸ್ತ್ರಿ ಇಂಜಿನಿಯರಮ್ಮನ ಹತ್ತಿರ ಒಂದು ಖಾಲಿ ಹಾಳೆ ಕೇಳಿ ಪಡೆದು ಸಂದಿಗೆ ತೂರಿಸಿ ನೋಡಿದ. ಹೋಗಲಿಲ್ಲ.

"ಕುಂಟ ನಡೆದ ನೋಡ್ರಪ್ಪಾ!" ಎಂದು ಕೂಗಿದ.

ನಂಬರಪ್ಪ ಕುರ್ಚಿ ಹುಡುಕಿ ಕೂತುಕೊಂಡ.

ಮನೆಯಲ್ಲಿ ಅವನು ಸುದ್ದಿ ಹೇಳಿದ್ದು ಮಗಳಿಗೆ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಲ್ಲಿಸಿ ಕೇಳಿಸಿಕೊಂಡಳು, ಈಚೆ ಬರಲಿಲ್ಲ. ಪ್ರಮಾಣಪತ್ರವನ್ನು ಗೋಡೆಯಿಂದ ತೆಗೆಯಲು ಅವನು ಸ್ಟೂಲು ಹತ್ತಿದಾಗ ಮಾತ್ರ, "ಅದು ಅಲ್ಲೇ ಇರಲಿ ಅಂತ ಹೇಳು. ಅದರ ಹಿಂದೆ ಸುಣ್ಣ ಹೋಗಿದೆ," ಎಂದಳು, ಮಗಳಿಗೆ.

ಮಾರನೇ ಬೆಳಿಗ್ಗೆ ಅವಳು ಗುಡ್ಡಕ್ಕೆ ಹೋಗುತ್ತಾಳೋ ಇಲ್ಲವೋ ಎಂದು ಅವನು ಚಪ್ಪಲಿ ಹಾಕಿಕೊಂಡೇ ಕೂತಿದ್ದ. ಹೊತ್ತಿಗೆ ಸರಿಯಾಗಿ ಹೊರಟಳು. ಇವತ್ತು ಸೆರಗಲ್ಲ, ಕೈಯಲ್ಲಿ ಒಂದು ಹೊಸ ಬಿಳಿ ಬಟ್ಟೆ, ಅಂಚು ಮಡಚಿ ಹೊಲಿದದ್ದು. ಅವನು ಹತ್ತು ಮೆಟ್ಟಿಲು ಹಿಂದೆ ಬಿದ್ದು ನಡೆದ. ಅವಳು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಮಂಟಪದಲ್ಲಿ ಯಾರೂ ಇರಲಿಲ್ಲ. ಮುಕ್ಕಾಲಿ ಮೂಲೆ ಸೇರಿತ್ತು, ಹೊಸ ಗಾರೆಯ ವಾಸನೆ ಇತ್ತು. ಅವನು ಅಭ್ಯಾಸದಂತೆ ಕಂಬದ ಹತ್ತಿರ ನಿಂತ. ಹೆಂಡತಿ ಹೂಜಿಯ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಮೂರನೆಯ ಪೀಠದ ಮುಂದೆ ಕೂತು, ಯಾವತ್ತಿನ ಹಾಗೆ ಪಾದ ಒರೆಸಿದಳು. ಬೆರಳುಗಳ ಸಂದಿ, ಹಿಮ್ಮಡಿ. ಯಾವತ್ತೂ ಅಲ್ಲಿಗೆ ಮುಗಿಯುತ್ತಿತ್ತು. ಇವತ್ತು ಕೈ ನಿಲ್ಲಲಿಲ್ಲ. ಕಣಕಾಲಿಗೆ ಬಂತು, ಸಂದಿಯ ಗೆರೆ ದಾಟಿತು, ಮೀನಖಂಡಕ್ಕೆ ಹೋಯಿತು. ಅವಳು ಎದ್ದು ನಿಂತು ಮೊಣಕಾಲು ಒರೆಸಿದಳು. ಮೂವತ್ತೆಂಟು ವರ್ಷದ ಗಾರೆ, ಜೇಡರ ಬಲೆ ಬಟ್ಟೆಗೆ ಬಂದವು. ಪೀಠದ ಮೇಲೆ ಬಾಗಿ, ತುದಿಗಾಲಲ್ಲಿ ನಿಂತು ಹೊಟ್ಟೆಯ ತನಕ ಒರೆಸಿದಳು. ಅಲ್ಲಿಂದ ಮುಂದೆ ಕೈ ಹೋಗಲಿಲ್ಲ.

ಆಮೇಲೆ, ತಿರುಗಿ ನೋಡದೆ, ಬಟ್ಟೆ ಹಿಡಿದ ಕೈಯನ್ನು ಹಿಂದಕ್ಕೆ ಚಾಚಿದಳು.

"ಮುಖ ನಂಗೆ ಎಟುಕಲ್ಲ," ಎಂದಳು.

ನಂಬರಪ್ಪ ಕಂಬ ಬಿಟ್ಟು ಬಂದ. ಬಟ್ಟೆ ತಣ್ಣಗೆ ಒದ್ದೆಯಾಗಿತ್ತು. ಅವನು ಒಂದು ಕೈಯನ್ನು ಮಗುವಿನ ತಲೆಯ ಹಿಂದೆ ಆನಿಸಿ ಹಿಡಿದುಕೊಂಡು, ಹಣೆ ಒರೆಸಿದ, ಕೆನ್ನೆ ಒರೆಸಿದ, ಆಮೇಲೆ ಮೂಗು ಸವೆದು ಹೋಗಿದ್ದ ಜಾಗವನ್ನು, ನೋಯಬಾರದು ಎನ್ನುವ ಹಾಗೆ, ಬಟ್ಟೆಯ ತುದಿಯಿಂದ ಒರೆಸಿದ.

"ಕಿವಿ ಹಿಂದೆ," ಎಂದಳು ಹೆಂಡತಿ.